ಮೂರನೆಯ ಬೋಲ್ಟು

ನನ್ನ ಮೇಜಿನ ಮೇಲೆ ಒಂದು ಕಬ್ಬಿಣದ ತುಂಡಿದೆ. ಕಾಗದ ಹಾರದಿರಲೆಂದು ಇಟ್ಟುಕೊಂಡದ್ದು. ಹಾಗೆ ನೋಡಿದರೆ ಅದಕ್ಕೆ ಅಷ್ಟು ಭಾರವಿಲ್ಲ. ಫ್ಯಾನು ಜೋರಾದರೆ ಕಾಗದವೂ ಅದೂ ಕೂಡಿಯೇ ನೆಲಕ್ಕೆ ಬೀಳುತ್ತವೆ. ನಾನು ಬರೆಯುವುದಕ್ಕೆ ಅಷ್ಟು ಭಾರ ಸಾಕೆಂದು ಬದಲಿಸಿಲ್ಲ.

ಬಂದವರು ಅದನ್ನು ಹಲ್ಲು ಅಂದುಕೊಳ್ಳುತ್ತಾರೆ. ಅವರ ತಪ್ಪಲ್ಲ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಕಪ್ಪು ಬಣ್ಣ. ಒಂದು ತುದಿ ಒರಟಾಗಿ ಮುರಿದಿದೆ, ಆ ಒರಟಿನ ನಟ್ಟನಡುವೆ ಹುಳುಕು ಹಲ್ಲಿಗಿರುವಂಥದೇ ಒಂದು ತೂತು. ಪಕ್ಕದ ಮನೆಗೆ ಹೊಸದಾಗಿ ಬಂದ ಬ್ಯಾಂಕಿನವರು ಹೋದ ತಿಂಗಳು ಅದನ್ನು ಮುಟ್ಟದೆ, ಸ್ವಲ್ಪ ಬಗ್ಗಿ ನೋಡಿ, "ಯಾರದು ಸಾರ್?" ಎಂದು ಕೇಳಿದರು. "ದಾದಾಪೀರನದು" ಎಂದೆ. ಅವರು ಯಾವುದೋ ದರ್ಗಾದಿಂದ ಬಂದ ವಸ್ತುವೆಂದು ತಿಳಿದು ಕೈ ಮುಗಿದರು. ತಿದ್ದಬೇಕಿತ್ತು. ಆದರೆ ನನ್ನ ಮೇಜಿನ ಮೇಲಿನ ಯಾವ ವಸ್ತುವಿಗೂ ಅದುವರೆಗೆ ಯಾರೂ ಕೈ ಮುಗಿದಿರಲಿಲ್ಲ.

ಅದು ಕಾರಿನ ಎಂಜಿನ್ನಿನೊಳಗೆ ಮುರಿದು ಕೂತಿದ್ದ ಒಂದು ಬೋಲ್ಟಿನ ಬುಡ. ಯಾರದು ಎಂದು ಕೇಳಿದವರಿಗೆಲ್ಲ ಇಷ್ಟು ವರ್ಷ ದಾದಾಪೀರನದು ಎಂದೇ ಹೇಳುತ್ತ ಬಂದಿದ್ದೇನೆ. ಹೋದ ವಾರದವರೆಗೆ ಆ ಮಾತಿನಲ್ಲಿ ನನಗೆ ಅನುಮಾನವಿರಲಿಲ್ಲ.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನನ್ನ ಸೋದರಮಾವ ಎಲ್.ಎಂ.ಪಿ. ಡಾಕ್ಟರಾಗಿದ್ದರು. ವಾರದಲ್ಲಿ ಒಂದು ದಿನ ಸಿರುಗುಪ್ಪಕ್ಕೆ, ಒಂದು ದಿನ ಕುರುಗೋಡಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದರು. ಅದಕ್ಕೊಂದು ಕಾರು. ಅದು ಯಾವ ಬಣ್ಣದ್ದೆಂದು ಕೇಳಬೇಡಿ. ನನ್ನ ನೆನಪಿನಲ್ಲಿ ಅದು ಬಾಡಿದ ಹಸಿರು. ಆದರೆ ಅದರ ಮುಂದೆ ಅತ್ತೆ ನಿಂತಿರುವ ಫೋಟೊದಲ್ಲಿ ಅದು ಬೂದಿ, ಅತ್ತೆಯ ಸೀರೆಯೂ ಬೂದಿ, ಹಿಂದಿನ ಬೇವಿನ ಗಿಡವೂ ಬೂದಿ. ಹಸಿರನ್ನು ನಾನೇ ಎಂದೋ ಹಚ್ಚಿರಬೇಕು. ಬೇವಿನ ಗಿಡಕ್ಕೆ ಹಚ್ಚಿದ್ದು ಕಾರಿಗೂ ಹರಿದು ಬಂದಿರಬಹುದು.

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಆ ಕಾರು ಹಿತ್ತಲಿನ ಹಳೆಯ ದನದ ಕೊಟ್ಟಿಗೆಯಲ್ಲಿ ನಿಂತೇ ಇತ್ತು. ಎಂಜಿನ್ನಿನ ಹೊಟ್ಟೆಯಲ್ಲಿ ಬಳ್ಳಾರಿಯ ಬಾವಿ ನೀರು. ಎಷ್ಟು ಕುದಿಸಿದರೂ ಬೇಳೆ ಬೇಯದ ನೀರು ಅದು; ಕಬ್ಬಿಣವನ್ನು ಮಾತ್ರ ಚೆನ್ನಾಗಿ ಬೇಯಿಸುತ್ತಿತ್ತು. ಆ ವರ್ಷಗಳಲ್ಲಿ ಮಾವ ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋಗುತ್ತಿದ್ದರು. ಒಂದೆರಡು ಸಲ ನಾನೂ ಜೊತೆಗೆ ಹೋಗಿದ್ದೆ. ಬಸ್ಸಿನ ಹಿಂದೆ ಬಾಯ್ಲರಿನಂಥ ಒಂದು ಡ್ರಮ್ಮು. ಕ್ಲೀನರ್ ಅದರ ಬುಡದ ಚಕ್ರ ತಿರುಗಿಸಿ ಬೆಂಕಿ ಊದುವವರೆಗೆ ನಾವು ಒಳಗೆ ಕೂತು ಬೆವರುತ್ತಿದ್ದೆವು. ಹೊರಟ ಮೇಲೆ ಅದು ಎತ್ತಿನ ಗಾಡಿಗಿಂತ ಸ್ವಲ್ಪವೇ ಬೇಗ. ಕಪ್ಪು ನೆಲ, ಅದರ ಮೇಲೆ ನಡುಗುವ ಬಿಸಿಲು, ಆ ಬಿಸಿಲಿನಲ್ಲಿ ಎಲ್ಲಿಯೂ ಇಲ್ಲದ ಒಂದು ಕೆರೆ. ಕೊಳಗಲ್ಲಿನ ಕಡೆಯ ಒಬ್ಬ ಹೆಂಗಸು ಮಡಿಲಲ್ಲಿ ಶೇಂಗಾ ಇಟ್ಟುಕೊಂಡು ಒಡೆಯುತ್ತ, ಕಾಳು ಬಾಯಿಗೆ, ಸಿಪ್ಪೆ ಕಿಟಕಿಗೆ ಹಾಕುತ್ತಿದ್ದಳು. ಒಂದು ಏರು ಬಂದಾಗ ಎಲ್ಲರೂ ಇಳಿದು ತಳ್ಳಿದೆವು. ನಾನು ಕಣ್ಣು ಮುಚ್ಚಿಕೊಂಡೇ ತಳ್ಳುತ್ತಿದ್ದೆ, ನಿದ್ದೆ ಪೂರ್ತಿ ಬಿಟ್ಟಿರಲಿಲ್ಲ. ಹತ್ತಿ ಕೂತ ಮೇಲೆ ಮಾವ, "ಎಷ್ಟು ಚಲೋ ತಳ್ಳಿದಿ, ನಿದ್ದಿಗಣ್ಣಾಗ ಇಷ್ಟು ಶಕ್ತಿ, ಎಚ್ಚರಾದ್ರ ಏನು ಗತಿ" ಎಂದರು. ನನ್ನ ಶಕ್ತಿಯ ಬಗ್ಗೆ ಆ ಮನೆಯಲ್ಲಿ ಯಾರಾದರೂ ಆಡಿದ ಒಳ್ಳೆಯ ಮಾತು ಅದೊಂದೇ. ಮುಂದೆ ಆ ಶಕ್ತಿಯೇ ಕೈಕೊಟ್ಟಿತು.

ಐವತ್ತನೆಯ ಇಸವಿಯ ಬೇಸಿಗೆಯೋ ಐವತ್ತೊಂದರದೋ ಇರಬೇಕು. ಬಳ್ಳಾರಿ ಆಗಿನ್ನೂ ಮದ್ರಾಸ್ ರಾಜ್ಯಕ್ಕೆ ಸೇರಿತ್ತು. ನಾನು ಮದ್ರಾಸಿನಲ್ಲಿಯೇ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಇಪ್ಪತ್ತನಾಲ್ಕು ವಯಸ್ಸು. ಹುಡುಗರಿಗೆ ಆಮ್ಲವನ್ನು ಎಷ್ಟು ಹನಿ ಹಾಕಬೇಕೆಂದು ಹೇಳುವುದು ನನ್ನ ಕೆಲಸ. ಜಗತ್ತಿನ ತೊಂದರೆಗಳೆಲ್ಲ ಸರಿಯಾದ ಹನಿಗಾಗಿ ಕಾಯುತ್ತಿವೆ ಎಂಬುದು ನನ್ನ ನಂಬಿಕೆ. ರಜೆಗೆ ಮಾವನ ಮನೆಗೆ ಬಂದಾಗ ಕಾರು ಬಿಳಿಯ ಹೊಗೆ ಬಿಡುತ್ತಿತ್ತು. ಮಾವ ದಾದಾಪೀರ್ ಮೇಸ್ತ್ರಿಯನ್ನು ಕರೆಸಿದರು.

ದಾದಾಪೀರ್ ಕಂಟೋನ್ಮೆಂಟಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವನು. ಯುದ್ಧ ಮುಗಿದು ಲಾರಿಗಳೂ ಸಿಪಾಯಿಗಳೂ ಹೋದ ಮೇಲೆ ಅಲ್ಲಿ ಉಳಿದದ್ದು ನೂಲು ಹಿಡಿದು ಎಳೆದಂಥ ರಸ್ತೆಗಳು, ಖಾಲಿ ಬ್ಯಾರಕ್ಕುಗಳು ಮತ್ತು ದಾದಾಪೀರ್. ಸೈಕಲ್ಲಿನ ಹಿಂದೆ ಬೋಲ್ಟು ತಿರುಗಿಸುವ ಪಾನಾಗಳ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಹೋಗಿ ಕಾರು, ನೀರಿನ ಪಂಪು, ಹಿಟ್ಟಿನ ಗಿರಣಿ ರಿಪೇರಿ ಮಾಡುತ್ತಿದ್ದ. ಹೆಂಡತಿ ಮತ್ತು ಸಣ್ಣ ಮಗಳು ಸಿರುಗುಪ್ಪದಲ್ಲಿ, ಹೆಂಡತಿಯ ತವರಿನಲ್ಲಿ. ಇವನು ಬಳ್ಳಾರಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬನೇ ಇದ್ದ.

"ಹದಿನೈದು ದಿನಕ್ಕೊಮ್ಮೆ ಹೋಗ್ತೀನ್ರಿ. ನನ್ನ ಮಗಳು ಬಾಗಿಲದಾಗ ನಿಂತು ಅವ್ವಗ ಹೇಳ್ತಾಳ, ಯಾರೋ ಬಂದಾರ ಅಂತ." ಹೇಳಿ ನಗುತ್ತಿದ್ದ. ಅದೇ ಮಾತನ್ನು ಎರಡು ಮೂರು ಸಲ ಹೇಳಿದ್ದರಿಂದ ಅದು ನಗುವ ಮಾತಲ್ಲವೆಂದು ನನಗೂ ಗೊತ್ತಾಯಿತು.

ಸಿರುಗುಪ್ಪದ ತಿಮ್ಮಾರೆಡ್ಡಿಗೆ ಎರಡು ಬಸ್ಸುಗಳಿದ್ದವು. ಆತ ಊರಲ್ಲಿಯೇ ಇರುವ ಒಬ್ಬ ಖಾಯಂ ಮೇಸ್ತ್ರಿಯನ್ನು ಹುಡುಕುತ್ತಿದ್ದ. ಡಾಕ್ಟರ ಕಾರಿನ ಕೆಲಸ ಹೇಗೆ ಮಾಡುತ್ತೀಯೋ ನೋಡಿ ಹೇಳುತ್ತೇನೆ ಎಂದು ದಾದಾಪೀರನಿಗೆ ಅಂದಿದ್ದನಂತೆ. ಆ ಕೆಲಸ ಸಿಕ್ಕರೆ ದಾದಾಪೀರ್ ತನ್ನ ಮಗಳಿಗೆ 'ಯಾರೋ' ಆಗಿ ಉಳಿಯುತ್ತಿರಲಿಲ್ಲ.

ಅವನು ಎಂಜಿನ್ನಿಗೆ ಕಿವಿ ಇಟ್ಟು ಕೇಳಿದ. "ನೀರು ಒಳಗ ಹೊಂಟೈತ್ರಿ ಸಾಹೇಬ್ರ. ಹೆಡ್ ಬಿಚ್ಚಬೇಕು."

ಹೆಡ್ ಎಂದರೆ ಎಂಜಿನ್ನಿನ ಮುಚ್ಚಳ. ಅದರ ಕೆಳಗಿನ ಬೀಡುಕಬ್ಬಿಣದ ದಿಮ್ಮಿಗೆ ಬ್ಲಾಕು ಎನ್ನುತ್ತಾರೆ. ಮುಚ್ಚಳವನ್ನು ಬ್ಲಾಕಿಗೆ ಸುತ್ತಲೂ ಬೋಲ್ಟು ಹಾಕಿ ಬಿಗಿದಿರುತ್ತಾರೆ. ದಾದಾಪೀರ್ ಒಂದೊಂದಾಗಿ ಬೋಲ್ಟುಗಳನ್ನು ಬಿಚ್ಚಿ ಸಾಲಾಗಿ ಇಟ್ಟ. ಕೊನೆಯ ನಾಲ್ಕು ಅಲ್ಲಾಡಲಿಲ್ಲ. ಅವನು ಬಲ ಹಾಕಲಿಲ್ಲ. ಅವುಗಳ ಬುಡಕ್ಕೆ ಸೀಮೆಎಣ್ಣೆ ಬಿಟ್ಟು ಕೈ ಒರೆಸಿಕೊಂಡ.

"ನಾಲ್ಕು ದಿನ ಕುಡೀಲಿ. ಕುರುಗೋಡಿನಾಗ ನಮ್ಮ ತಂಗಿ ಮದುವಿ ಐತಿ, ಮುಗಿಸ್ಕೊಂಡು ಬರ್ತೀನಿ. ಅಲ್ಲೀತನಕ ಯಾರೂ ಕೈ ಹಚ್ಚಬ್ಯಾಡ್ರಿ."

ಯಾರೂ ಎಂದಾಗ ಅವನು ನನ್ನನ್ನು ನೋಡಿದ ಎಂದು ನನ್ನ ನೆನಪು. ಅಷ್ಟು ಮುಂದಾಲೋಚನೆ ಅವನಿಗಿತ್ತೋ, ನಾನು ಆಮೇಲೆ ಅವನ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆನೋ ಗೊತ್ತಿಲ್ಲ.

ಈಗ ಅತ್ತೆಯ ತಾಮ್ರದ ಹಂಡೆಯ ವಿಷಯ ಹೇಳಬೇಕು. ದಿನಾ ಬೆಳಿಗ್ಗೆ ಅತ್ತೆ ಒಂದು ಹಿಡಿ ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಆ ಹಂಡೆಯನ್ನು ಉಜ್ಜುತ್ತಿದ್ದರು. ಕರಿಯ ಹಂಡೆ ನೋಡನೋಡುತ್ತ ಸೂರ್ಯನಾಗುತ್ತಿತ್ತು. ನಾನು ಚಿಕ್ಕವನಿದ್ದಾಗ ಜ್ವರ ಬಂದು ಮಲಗಿದರೆ ಹಿತ್ತಲಿನಿಂದ ಆ ಹುಳಿ ವಾಸನೆಯೂ ಉಜ್ಜುವ ಸದ್ದೂ ಬರುತ್ತಿದ್ದವು. ಹಂಡೆ ಹೊಳೆಯಿತೆಂದರೆ ಜ್ವರ ಇಳಿಯುತ್ತದೆ ಎಂದು ನಂಬಿದ್ದೆ. ಎಂ.ಎಸ್‌ಸಿ. ಮುಗಿಸಿದರೂ ಆ ನಂಬಿಕೆ ಹೋಗಿರಲಿಲ್ಲ. ಅದಕ್ಕೆ ಈಗ ಟಾರ್ಟಾರಿಕ್ ಆಮ್ಲ ಎಂಬ ಹೆಸರು ಸಿಕ್ಕಿತ್ತು, ಅಷ್ಟೇ. ಆಮ್ಲ ತುಕ್ಕನ್ನು ಕರಗಿಸುತ್ತದೆ. ಮೇಸ್ತ್ರಿಯ ಸೀಮೆಎಣ್ಣೆ ಯಾವ ವಿಜ್ಞಾನ?

ಹುಣಸೆಹಣ್ಣು ಕಿವುಚಿ, ಉಪ್ಪು ಹಾಕಿ, ಒಂದು ಬಟ್ಟಲು ರಸ ಮಾಡಿದೆ. ಆದರೆ ನಾನು ಶಾಸ್ತ್ರ ಬಲ್ಲವನು. ಪ್ರಯೋಗವೆಂದ ಮೇಲೆ ಹೋಲಿಸಿ ನೋಡಲು ಏನಾದರೂ ಉಳಿಯಬೇಕು. ನಾಲ್ಕರಲ್ಲಿ ಎರಡು ಬೋಲ್ಟಿಗೆ ಹುಣಸೆರಸ, ಇನ್ನೆರಡನ್ನು ಸೀಮೆಎಣ್ಣೆಗೇ ಬಿಡುವುದು ಎಂದು ತೀರ್ಮಾನಿಸಿ ಸೌಟಿನಿಂದ ಹನಿ ಹನಿಯಾಗಿ ಬಿಡುತ್ತಿದ್ದೆ. ಅಷ್ಟರಲ್ಲಿ ಅತ್ತೆಯ ಕಾಲ್ಬಳೆ ಸದ್ದು ಕೇಳಿಸಿತು. ಬಟ್ಟಲನ್ನು ಅಲ್ಲೇ ಬರಿದು ಮಾಡಿ ಕಳ್ಳನಂತೆ ಪಂಚೆಯಲ್ಲಿ ಮುಚ್ಚಿಕೊಂಡು ಓಡಿದೆ.

ಮರುದಿನ ಊಟಕ್ಕೆ ಕೂತಾಗ ಅತ್ತೆ ಕೇಳಿದರು. "ಡಬ್ಬಿಯೊಳಗಿನ ಹುಣಸಿಹಣ್ಣು ಅರ್ಧಕ್ಕರ್ಧ ಎಲ್ಲಿ ಹೋತು? ನಾ ಅಂತೂ ಇಷ್ಟು ಸಾರು ಮಾಡಿಲ್ಲ."

ಮಾವ ಪಂಚಾಂಗ ನೋಡುತ್ತಿದ್ದರು. ನಾನು ಅನ್ನ ನೋಡುತ್ತಿದ್ದೆ.

"ಪಾಂಡು, ನೀ ಏನರೆ ತಗೊಂಡಿ?"

"ಸ್ವಲ್ಪ ತಿಂದೆ ಅತ್ತಿ."

"ಅರ್ಧ ಡಬ್ಬಿ ತಿಂದ್ಯಾ? ನಿನಗೇನು ಎಷ್ಟನೇ ತಿಂಗಳು?"

ಮಾವ ಪಂಚಾಂಗ ಇಟ್ಟು ನಕ್ಕರು. ನಾನೂ ನಕ್ಕೆ. ಆ ನಗುವಿನ ಜೊತೆಗೇ ಮೊದಲ ಸುಳ್ಳು ಹೊಟ್ಟೆಗಿಳಿಯಿತು.

ಮೂರನೆಯ ದಿನ ಮಧ್ಯಾಹ್ನ ಎಲ್ಲರೂ ಮಲಗಿದ್ದರು. ಬಳ್ಳಾರಿಯ ಬೇಸಿಗೆಯ ಮಧ್ಯಾಹ್ನಕ್ಕೆ ಒಂದು ಮೌನವಿದೆ. ಗುಡ್ಡದ ಬಂಡೆಗಳು ಕಾದು ಊರಿನ ಮೇಲೆ ಉಸಿರು ಬಿಡುತ್ತಿರುತ್ತವೆ, ಕಾಗೆ ಕೂಡ ಬಾಯಿ ತೆರೆದುಕೊಂಡು ಸುಮ್ಮನಿರುತ್ತದೆ. ಕೊಟ್ಟಿಗೆಯೊಳಗೆ ಹಳೆಯ ಸಗಣಿಯ, ಹೊಸ ಎಣ್ಣೆಯ ವಾಸನೆ. ನಾನು ಹುಣಸೆರಸದ ಮೊದಲನೆಯ ಬೋಲ್ಟಿಗೆ ಪಾನಾ ಹಾಕಿ, ಹಿಡಿಗೆ ಒಂದು ಕೊಳವೆ ಸಿಕ್ಕಿಸಿ ಉದ್ದ ಮಾಡಿಕೊಂಡು ಒತ್ತಿದೆ.

ಬೋಲ್ಟು ತಿರುಗಿತು. ಹಸಿ ಮಣ್ಣಿನಲ್ಲಿ ನೆಟ್ಟ ಗೂಟ ಅಲ್ಲಾಡಿದ ಹಾಗೆ, ಮೆತ್ತಗೆ. ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ? ಹಂಡೆ, ಸೂರ್ಯ, ಇಳಿದ ಜ್ವರ ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂತು. ಬಿಚ್ಚಿಕೊಳ್ಳುವಾಗಲೂ ಮುರಿಯುವಾಗಲೂ ಮೊದಲ ಕಾಲು ಸುತ್ತು ಕೈಗೆ ಒಂದೇ ತರಹ ಎಂದು ನನಗಾಗ ತಿಳಿದಿರಲಿಲ್ಲ. ಟಕ್ ಎಂದಿತು. ತಲೆ ಮತ್ತು ಅರ್ಧ ಮೈ ಕೈಗೆ ಬಂದವು. ಬುಡ ಬ್ಲಾಕಿನೊಳಗೆ ಉಳಿಯಿತು.

ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಒಂದೇ ಫಲಿತಾಂಶದಿಂದ ತೀರ್ಮಾನಕ್ಕೆ ಬರಬಾರದೆಂದು ನಾನೇ ಹುಡುಗರಿಗೆ ಪಾಠ ಹೇಳುತ್ತಿದ್ದೆ. ಎರಡನೆಯದನ್ನೂ ಒತ್ತಿದೆ. ಅದೂ ಮುರಿಯಿತು.

ಮುಂದೆ ಮಾಡಿದ್ದನ್ನು ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ. ಮುರಿದ ಎರಡೂ ತಲೆಗಳಿಗೆ ಗ್ರೀಸು ಬಳಿದು ಅವವುಗಳ ತೂತಿನಲ್ಲೇ ಇಳಿಬಿಟ್ಟೆ. ಅವು ಅಲ್ಲಾಡದೆ ಕೂತವು. ನೋಡಿದರೆ ಯಾರೂ ಮುಟ್ಟದ ಬೋಲ್ಟುಗಳು.

ದಾದಾಪೀರ್ ಕುರುಗೋಡಿನಿಂದ ಬಂದಾಗ ಒಂದು ಕಾಗದದ ಪೊಟ್ಟಣದಲ್ಲಿ ಮದುವೆಯ ಬೂಂದಿ ತಂದಿದ್ದ. ಅತ್ತೆಯ ಮಡಿಗೆ ಆಗದೆಂದು ತಾನೇ ತಿಳಿದು ಅದನ್ನು ಕಾರಿನ ಮಡ್‌ಗಾರ್ಡಿನ ಮೇಲಿಟ್ಟು, "ಪಾಂಡುರಾಯರ, ನೀವು ತಿನ್ರಿ, ಮದ್ರಾಸಿನಾಗ ಇದ್ದೋರಿಗೆ ಮಡಿ ಎಲ್ಲೀದು" ಎಂದ. ತಿಂದೆ. ಬಾಯಲ್ಲಿ ಬೂಂದಿ ಇರುವಾಗಲೇ ಅವನು ಪಾನಾ ತೆಗೆದುಕೊಂಡ. ಮಾವ ಕಾಫಿ ಲೋಟ ಹಿಡಿದು ನೋಡಲು ಬಂದು ನಿಂತರು.

ಅವನು ಮೊದಲನೆಯದಕ್ಕೆ ಪಾನಾ ಹಾಕಿದ. ಅದು ತಡೆಯಿಲ್ಲದೆ ತಿರುಗಿತು. ಅವನ ಕೈ ನಿಂತುಹೋಯಿತು. ಮೆಲ್ಲಗೆ ಎತ್ತಿದ. ಅರ್ಧ ಬೋಲ್ಟು. ಎರಡನೆಯದು. ಅದೂ ಅರ್ಧ.

"ಏನೋ ಇದು ದಾದಾಪೀರ್, ಹಿಂಗ ಮುರದು ಹಾಕಿದೆಲ್ಲೋ" ಎಂದರು ಮಾವ. "ಮಿಲ್ಟ್ರಿಯೊಳಗ ಇದನ್ನ ಕಲಿಸಿದರೇನು?"

ದಾದಾಪೀರ್ ಮುರಿದ ತುದಿಯನ್ನು ಮೂಗಿನ ಹತ್ತಿರ ಹಿಡಿದ. ಆಮೇಲೆ ನನ್ನನ್ನು ನೋಡಿದ. ಈ ನೋಟದ ಬಗ್ಗೆ ನನಗೆ ಅನುಮಾನವಿಲ್ಲ. ಮೂರನೆಯದಕ್ಕೆ, ನಾನು ಸೀಮೆಎಣ್ಣೆಗೆ ಬಿಟ್ಟಿದ್ದ ಬೋಲ್ಟಿಗೆ, ಪಾನಾ ಹಾಕಿದ. ಮಾವ ನೋಡುತ್ತಲೇ ಇದ್ದರು. ಅವನ ಕಿವಿ ಕೆಂಪಾಗಿತ್ತು. ಸ್ವಲ್ಪ ತಿರುಗಿತು, ಟಕ್ ಎಂದಿತು.

"ಮೂರಾತು" ಎಂದು ಮಾವ ಒಳಗೆ ಹೋದರು.

ನಾಲ್ಕನೆಯದನ್ನು ಅವನು ಆ ದಿನ ಮುಟ್ಟಲಿಲ್ಲ. ಮರುದಿನ ಅದರ ಬುಡ ಕಾಯಿಸಿ, ಮೇಣ ಮುಟ್ಟಿಸಿ, ಇಡಿಯಾಗಿ ತೆಗೆದ. ಸತ್ಯ ಹೇಳಬೇಕೆಂದರೆ ಮೂರನೆಯದು ಮುರಿದಾಗ ನನಗೆ ಸಮಾಧಾನವಾಯಿತು. ಸೀಮೆಎಣ್ಣೆ ಕುಡಿದ ಬೋಲ್ಟೂ ಮುರಿಯಿತಲ್ಲ, ಬಲ್ಲವನ ಕೈಯಲ್ಲೂ ಮುರಿಯಿತಲ್ಲ. ಹಾಗಾದರೆ ತಪ್ಪು ಹುಣಸೆಹಣ್ಣಿನದಲ್ಲ, ಬೋಲ್ಟಿನದು. ಈ ಸಮಾಧಾನದ ಮೇಲೆ ನಾನು ಬಹಳ ವರ್ಷ ಒರಗಿಕೊಂಡಿದ್ದೆ.

ಹೆಡ್ ಎತ್ತಿದ ಮೇಲೆ ಬ್ಲಾಕಿನಲ್ಲಿ ಮೂರು ಬುಡಗಳು ಕಂಡವು. ಇಬ್ಬರೇ ಇದ್ದಾಗ ದಾದಾಪೀರ್ ಕೇಳಿದ, "ಪಾಂಡುರಾಯರ, ಎಂಜಿನ್‌ಗೆ ಸಾರು ಮಾಡಿದ್ರೇನು?"

"ಸಾರು? ಯಾವ ಸಾರು?"

"ಉಪ್ಪು ಐತಿ, ಹುಳಿ ಐತಿ. ಖಾರ ಒಂದು ಮರತೀರಿ."

ಅರ್ಥವಾಗದವನ ಹಾಗೆ ನಕ್ಕೆ. ಅವನು ಬ್ಲಾಕಿನ ಮೇಲೆ ಹತ್ತಿಯ ಚಿಂದಿ ಹಾಕಿ ಒರೆಸುತ್ತ, ತನ್ನಷ್ಟಕ್ಕೆ ಎಂಬಂತೆ ಹೇಳಿದ. "ದವಾಖಾನಿಯೊಳಗ ಸಾಹೇಬ್ರು ಯಾರಿಗೋ ಹೇಳಿದ್ರಂತ, ಮೂರು ಮುರದಾನ ಅಂತ. ರೆಡ್ಡಿ ಕಿವಿಗೆ ಬಿದ್ದೈತಿ. ನಾಳೆ ನೋಡಾಕ ಬರ್ತಾನಂತ. ಬ್ಲಾಕ್ ಕೆಟ್ರ ಬಳ್ಳಾರಿಯಾಗ ಇನ್ನೊಂದು ಸಿಗಾಂಗಿಲ್ಲ. ಗಾಡಿನೂ ಹೋತು, ನನ್ನ ಸಿರುಗುಪ್ಪನೂ ಹೋತು."

ಆ ಸಂಜೆಯೊಳಗೆ ಅವನು ಎರಡು ಬುಡಗಳನ್ನು ತೆಗೆದ. ಒಂದು ಸ್ವಲ್ಪ ಮೇಲೆ ಚಾಚಿಕೊಂಡಿತ್ತು. ಅದರ ಎರಡು ಮಗ್ಗುಲನ್ನು ಅರದಿಂದ ತಿಕ್ಕಿ ಚಪ್ಪಟೆ ಮಾಡಿ ಇಕ್ಕಳದಲ್ಲಿ ಹಿಡಿದು ತಿರುಗಿಸಿದ. ಇನ್ನೊಂದನ್ನು ಉಳಿಯ ತುದಿಯಿಂದ ಅಂಚಿಗೆ ಬಡಿದು ಬಡಿದು ಸುತ್ತಿಸಿದ. ಮೂರನೆಯದು, ಅವನ ಕೈಯಲ್ಲೇ ಮುರಿದದ್ದು, ಬ್ಲಾಕಿನ ಮಟ್ಟಕ್ಕಿಂತ ಕೆಳಗೆ, ಬಾವಿಯೊಳಗೆ ಬಿದ್ದ ಕೊಡದ ಹಾಗೆ ಕೂತಿತ್ತು. ಅದಕ್ಕೆ ನಡುವೆ ತೂತು ಕೊರೆಯಲೇಬೇಕು. ತೂತು ನಡುವಿನಿಂದ ಜರುಗಿದರೆ ಡ್ರಿಲ್ಲು ಬೋಲ್ಟು ಬಿಟ್ಟು ಬ್ಲಾಕನ್ನು ತಿನ್ನುತ್ತದೆ.

ಮರುದಿನ ಬೆಳಿಗ್ಗೆ ತಿಮ್ಮಾರೆಡ್ಡಿ ಬಂದ. ದಪ್ಪ ಮೀಸೆ, ತೆಳ್ಳನೆಯ ಮನುಷ್ಯ. ಅತ್ತೆ ಕಳಿಸಿದ ಮಜ್ಜಿಗೆ ಹಿಡಿದುಕೊಂಡು ಕೊಟ್ಟಿಗೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ. ಒಳಗೆ ಕತ್ತಲೆ, ಕರೆಂಟು ಅಲ್ಲಿಗೆ ಬಂದಿರಲಿಲ್ಲ. ದಾದಾಪೀರ್ ನನಗೆ ಹೇಳಿದ, "ಒಳಗಿಂದ ಒಂದು ಕನ್ನಡಿ ತರ್ರಿ. ಬಿಸಿಲು ಹಿಡದು ತೂತಿನಾಗ ಬಿಡ್ರಿ."

ಅತ್ತೆಯ ಕನ್ನಡಿಯನ್ನು ಗೋಡೆಯಿಂದ ಇಳಿಸಿ ತಂದೆ. ಹಿತ್ತಲಿನ ಬಿಸಿಲನ್ನು ಅದರಲ್ಲಿ ತುಂಬಿಕೊಂಡು ಕೊಟ್ಟಿಗೆಯೊಳಕ್ಕೆ ಬಾಗಿಸಿದೆ. ಬೆಳಕು ಗೋಡೆಯ ಮೇಲೆ ಓಡಾಡಿ, ರೆಡ್ಡಿಯ ಮೀಸೆಯನ್ನು ಒಂದು ಕ್ಷಣ ಬಂಗಾರ ಮಾಡಿ, ಕೆಳಗಿಳಿದು ಬ್ಲಾಕಿನ ಆ ಸಣ್ಣ ಬಾವಿಯೊಳಗೆ ಕೂತಿತು. ಆ ತೂತು ಅಷ್ಟು ಚಂದ ಕಂಡಿತು. ಅದರ ಗೋಡೆಯ ಸುತ್ತ ಇಳಿಯುವ ಸುತ್ತುಗೆರೆಗಳು, ದಾದಾಪೀರ್ ಅವಕ್ಕೆ ಚೂಡಿ ಎನ್ನುತ್ತಿದ್ದ, ಬಳೆ ಎಂದು ಅರ್ಥ, ಒಂದರ ಕೆಳಗೊಂದು ಮಿನುಗಿದವು. ತಳದಲ್ಲಿ ಮುರಿದ ಕಬ್ಬಿಣ ಉಪ್ಪಿನ ಹರಳಿನಂತೆ ಹೊಳೆಯಿತು. ನನಗೆ ಅದು ಯಾವುದೋ ದೂರದ ಊರನ್ನು ಮೇಲಿನಿಂದ ನೋಡಿದ ಹಾಗಿತ್ತು. ಅಲ್ಲಿ ಯಾರೂ ಯಾರಿಗೂ ಸುಳ್ಳು ಹೇಳಿರಲಿಲ್ಲ.

ದಾದಾಪೀರ್ ಡ್ರಿಲ್ಲಿನ ಹಿಡಿಯನ್ನು ಎದೆಗೆ ಒತ್ತಿಕೊಂಡು ಕೈಯಿಂದ ತಿರುಗಿಸತೊಡಗಿದ. ಪುಡಿ ಸುರುಳಿ ಸುರುಳಿಯಾಗಿ ಮೇಲೆ ಬಂತು.

ರೆಡ್ಡಿ ಕೇಳಿದ. "ಏಮಯ್ಯಾ ದಾದಾಪೀರ್, ಇದು ಯಾರು ಮುರಿದಿದ್ದು?"

"ನಾನ್ರಿ."

"ಮೂರೂನಾ?"

"ಗಾಡಿ ನನ್ನ ಕೈಯಾಗ ಇತ್ತಲ್ರಿ. ಮೂರೂ ನಾನ."

ಬೆಳಕು ನಡುಗಿತು.

"ಕನ್ನಡಿ ಅಲ್ಲಾಡಸಬ್ಯಾಡ್ರಿ ಪಾಂಡುರಾಯರ" ಎಂದ ಅವನು, ತಲೆ ಎತ್ತದೆ. "ನಡು ತಪ್ಪತೈತಿ."

ಇಲ್ಲಿ ನಾನು ಮಾತಾಡಿದೆ ಎಂದು ಹಲವರಿಗೆ ಹೇಳಿದ್ದೇನೆ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಈ ಕತೆ ಹೇಳಿದಾಗ ನಾನು ಕನ್ನಡಿಯನ್ನು ಕೆಳಗಿಟ್ಟು, ರೆಡ್ಡಿಯ ಮುಂದೆ ನಿಂತು, ಎರಡು ಮುರಿದವನು ನಾನು ಎಂದು ಹೇಳಿಬಿಟ್ಟೆ. ಆಕೆಗೆ ಬಹಳ ಹಿಡಿಸಿತು. ಹತ್ತು ಸಲ ಹೇಳಿದ ಮೇಲೆ ನನಗೂ ಆ ಕ್ಷಣ ಕಣ್ಣಿಗೆ ಕಟ್ಟಿದಂತೆ ಕಾಣತೊಡಗಿತು; ನನ್ನ ಅಂಗಿಯ ಗುಂಡಿ ಬಿಚ್ಚಿದ್ದೂ ಕಾಣುತ್ತಿತ್ತು. ಆದರೆ ಕನ್ನಡಿ ಕೆಳಗಿಟ್ಟಿದ್ದರೆ ಬೆಳಕು ಎಲ್ಲಿಂದ ಬರಬೇಕು? ದಾದಾಪೀರ್ ಆ ದಿನ ಡ್ರಿಲ್ಲು ಒಮ್ಮೆಯೂ ನಿಲ್ಲಿಸಲಿಲ್ಲ, ತೂತು ನಟ್ಟನಡುವೆ ತಳದವರೆಗೆ ಇಳಿದಿದೆ. ಈಗಲೂ ಮೇಜಿನ ಮೇಲೆ ನೋಡಬಹುದು. ಅಂದರೆ ಕನ್ನಡಿ ನನ್ನ ಕೈಯಿಂದ ಇಳಿದಿಲ್ಲ. ಅಂದರೆ ನಾನು ಸುಮ್ಮನೇ ನಿಂತಿದ್ದೆ.

ತೂತಿನೊಳಗೆ ಅವನು ಒಂದು ಹಳೆಯ ಅರದ ಚೌಕನೆಯ ಬಾಲವನ್ನು ಇಟ್ಟು ಮೆಲ್ಲಗೆ ಬಡಿದು ಕೂರಿಸಿದ. ಆಮೇಲೆ ಅದನ್ನು ಬಲಕ್ಕೆ, ಬಿಗಿಮಾಡುವ ಕಡೆಗೆ, ಕೂದಲೆಳೆಯಷ್ಟು ತಿರುಗಿಸಿದ. ರೆಡ್ಡಿ ಕುರ್ಚಿಯಿಂದ ಎದ್ದ.

"ಬಿಚ್ಚಯ್ಯಾ ಅಂದ್ರೆ ಬಿಗಿ ಮಾಡ್ತೀಯಲ್ಲ."

"ಬಂದ ಕೂಡ್ಲೆ ಹೊರಗ ನಡಿ ಅಂದ್ರ ಯಾರು ಏಳ್ತಾರ್ರಿ? ಕುಂದ್ರು, ಇನ್ನೊಂದೀಟು ಆರಾಮ ಕುಂದ್ರು ಅನ್ನಬೇಕು. ತಾನ ಏಳತೈತಿ."

ಬಲಕ್ಕೆ ಕೂದಲೆಳೆ, ಎಡಕ್ಕೆ ಕೂದಲೆಳೆ. ಮತ್ತೆ ಬಲಕ್ಕೆ. ಎಷ್ಟು ಹೊತ್ತು ಹಾಗೆ ನಡೆಯಿತೋ. ನನ್ನ ತೋಳು ಮರಗಟ್ಟಿತ್ತು, ಸೂರ್ಯ ಜರುಗಿದಂತೆಲ್ಲ ನಾನೂ ಕನ್ನಡಿಯೊಡನೆ ಜರುಗುತ್ತಿದ್ದೆ. ಆಮೇಲೆ ಒಂದು ಸಣ್ಣ ಕಿರುಗುಟ್ಟುವ ಸದ್ದು ಬಂತು, ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ. ಬುಡ ತಿರುಗತೊಡಗಿತು. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದ. ಬ್ಲಾಕಿನ ಚೂಡಿ ಒಂದೂ ಕೆಟ್ಟಿರಲಿಲ್ಲ.

ರೆಡ್ಡಿ ಬಗ್ಗಿ ಬೆರಳು ಹಾಕಿ ನೋಡಿದ. ಮಜ್ಜಿಗೆ ಲೋಟ ನನ್ನ ಕೈಗೆ ಕೊಟ್ಟ. "ಮೂರು ಮುರಿದೆ ಅಂತ ಬಾಯಿಬಿಟ್ಟು ಹೇಳಿದೋನನ್ನ ನಾನು ಇವತ್ತೇ ನೋಡಿದ್ದು" ಎಂದ. "ಸರೇ, ಆದಿವಾರ ಪೆಟ್ಟಿಗೆ ತಗೊಂಡು ಬಾ."

ದಸರೆಯ ರಜೆಯಲ್ಲಿ ನಾನು ಸಿರುಗುಪ್ಪಕ್ಕೆ ಹೋದೆ, ರೆಡ್ಡಿಯ ಬಸ್ಸಿನಲ್ಲಿಯೇ. ಅದು ಪೆಟ್ರೋಲಿನ ಬಸ್ಸು, ನಿದ್ದೆ ಬರುವಷ್ಟರಲ್ಲಿ ಊರು ಬಂತು. ಹಳೆಯ ಕಾಲುವೆ, ಅದರ ಪಕ್ಕದಲ್ಲಿ ಹಾಲು ತುಂಬುತ್ತಿದ್ದ ಭತ್ತ, ಬಳ್ಳಾರಿಯವನ ಕಣ್ಣಿಗೆ ನಂಬಲಾಗದ ಹಸಿರು. ಈ ಹಸಿರು ನಾನು ಹಚ್ಚಿದ್ದಲ್ಲ. ಶೆಡ್ಡಿನಲ್ಲಿ ಇನ್ನೊಂದು ಬಸ್ಸಿನ ಕೆಳಗಿನಿಂದ ದಾದಾಪೀರನ ಕಾಲು ಕಾಣುತ್ತಿತ್ತು. ಮೆಟ್ಟಿಲ ಮೇಲೆ ನಾಲ್ಕು ವರ್ಷದ ಹುಡುಗಿ ಕೂತು ಅವನಿಗೆ ಏನೋ ವರದಿ ಒಪ್ಪಿಸುತ್ತಿದ್ದಳು. ನನ್ನನ್ನು ನೋಡಿ ಬಗ್ಗಿ ಅಪ್ಪನನ್ನು ಕೂಗಿದಳು, "ಅಬ್ಬಾ, ಯಾರೋ ಬಂದಾರ."

ಅವನು ಹೊರಗೆ ತೆವಳಿ ಬಂದು ನೋಡಿದ. "ಇವರಾ? ಎಂಜಿನ್‌ಗೆ ಸಾರು ಮಾಡೋರು."

ಆ ಹುಡುಗಿಯ ಎದುರಿಗೇ ಹೇಳಿದೆ. "ಎರಡು ನಾನು ಮುರದದ್ದು ದಾದಾಪೀರ್. ತಲಿ ತಿರುಗಿ ಇಟ್ಟವನೂ ನಾನ."

"ಪಾನಾ ಹಾಕಿದ ಕೂಡ್ಲೆ ಗೊತ್ತಾತ್ರಿ. ಸತ್ತಿದ್ದಕ್ಕೂ ಮಲಗಿದ್ದಕ್ಕೂ ಕೈಗೆ ಫರಕ್ ತಿಳಿಯಾಂಗಿಲ್ಲೇನು?"

"ಮತ್ತ ಯಾಕ ಹೇಳಲಿಲ್ಲ?"

"ಡಾಕ್ಟರ್ ಅಳಿಯನ ಮ್ಯಾಲ ಹಾಕಿದ ಅಂತಿದ್ರು. ಗಾಡಿ ಕೊಟ್ಟೋರ ಮ್ಯಾಲ ತಪ್ಪು ಹಾಕೋ ಮೇಸ್ತ್ರಿ ಕೈಯಾಗ ರೆಡ್ಡಿ ಬಸ್ ಕೊಡ್ತಿದ್ನೇನು? ನಿಮಗೋಸ್ಕರ ಸುಮ್ಕ ಇದ್ದೆ ಅಂತ ತಿಳಕೋಬ್ಯಾಡ್ರಿ."

ಪೆಟ್ಟಿಗೆಯಿಂದ ಒಂದು ಬೀಡಿ ಡಬ್ಬಿ ತೆಗೆದ. ಅದರಲ್ಲಿ ಆ ಮೂರು ಬುಡಗಳಿದ್ದವು. ಒಂದನ್ನು ತೆಗೆದು, "ಇದು ನಿಮ್ದು" ಎಂದ. ಎರಡನೆಯದನ್ನು ತೆಗೆದು, "ಇದೂ ನಿಮ್ದು." ತೂತಿದ್ದ ಮೂರನೆಯದನ್ನು ಮಾತ್ರ ಬಿಸಿಲಿಗೆ ಹಿಡಿದು, ಚೂಡಿಯ ಮೇಲೆ ಉಗುರು ಎಳೆಯುತ್ತ ಹೋದ. ಉಗುರು ಒಂದು ಕಡೆ ನಿಂತಿತು.

"ಇದಕ್ಕ ನೀವು ಸಾರು ಹಾಕಿಲ್ಲ, ಹೌದಲ್ಲ?"

"ಇಲ್ಲ. ಎರಡಕ್ಕ ಅಷ್ಟ."

ಅವನು ಅದನ್ನೂ ನನ್ನ ಮುಖವನ್ನೂ ನೋಡಿದ. "ಹಂಗಾದ್ರ ಇದು ನಂದ" ಎಂದ. "ನಿಮ್ಮವು ನನ್ನ ಹತ್ರ ಇರಲಿ. ನಂದು ನೀವು ಇಟ್ಕೊಳ್ರಿ. ಇಬ್ಬರೂ ಬಾಯಿ ಬಿಡೋದು ಬ್ಯಾಡ."

ಹೀಗೆ ಅದು ನನ್ನ ಮೇಜಿಗೆ ಬಂತು. ಮದ್ರಾಸಿನಿಂದ ಹಿಡಿದು ನಾನು ಬಾಡಿಗೆಗಿದ್ದ ಎಲ್ಲ ಮನೆಗಳಿಗೂ ಬಂತು. ಬಲ್ಲವನ ಕೈಯೂ ಒಮ್ಮೆ ತಪ್ಪುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ, ನಾನೇನಾದರೂ ಕೆಡಿಸಿದಾಗಲೆಲ್ಲ ಕೈಗೆ ತೆಗೆದುಕೊಂಡು ಹೊರಳಿಸುತ್ತಿದ್ದೆ.

ಹೋದ ವಾರ ಫ್ಯಾನಿನ ಗಾಳಿಗೆ ಅದು ಕಾಗದಗಳ ಜೊತೆ ನೆಲಕ್ಕೆ ಬಿತ್ತು. ಬಿದ್ದ ಪೆಟ್ಟಿಗೆ ಚೂಡಿಯ ಒಂದು ಕಡೆ ತುಕ್ಕಿನ ಹೊಪ್ಪಳಿಕೆ ಎದ್ದಿತು. ಅದರ ಕೆಳಗೆ, ಗೆರೆಯ ತಳದಲ್ಲಿ, ಒಂದು ನಾರು. ಸೂಜಿಯಿಂದ ಬಿಡಿಸಿ ಬಿಳಿಯ ಕಾಗದದ ಮೇಲಿಟ್ಟೆ. ಹತ್ತಿಯ ಎಳೆ ಇರಬಹುದು, ಅವನು ಒರೆಸಿದ ಚಿಂದಿಯದು, ಎಂದುಕೊಂಡೆ. ಕನ್ನಡಕ ಒರೆಸಿಕೊಂಡು ನೋಡಿದೆ. ಕಂದು ಬಣ್ಣ. ತುದಿಯಲ್ಲಿ ಎರಡಾಗಿ ಕವಲೊಡೆದಿತ್ತು. ಹತ್ತಿ ಕವಲೊಡೆಯುವುದಿಲ್ಲ, ಹುಣಸೆಹಣ್ಣಿನ ನಾರು ಒಡೆಯುತ್ತದೆ.

ಬಟ್ಟಲನ್ನು ಅಲ್ಲೇ ಬರಿದು ಮಾಡಿ ಓಡಿದೆ ಎಂದು ಮೇಲೆ ಬರೆದೆನಲ್ಲ. ಅಲ್ಲೇ ಎಂದರೆ ಎಲ್ಲಿ? ಇಷ್ಟು ವರ್ಷದಲ್ಲಿ ಒಮ್ಮೆಯೂ ನಾನು ಕೇಳಿಕೊಂಡಿರಲಿಲ್ಲ. ಆ ಅವಸರದಲ್ಲಿ ಉಳಿದ ರಸವೆಲ್ಲ ಯಾವ ಬೋಲ್ಟಿನ ಮೇಲೆ ಹೋಯಿತೋ, ಅತ್ತೆಯ ಕಾಲ್ಬಳೆಗೂ ಗೊತ್ತಿಲ್ಲ. ಆದರೆ ದಾದಾಪೀರನ ಉಗುರು ನಿಂತದ್ದು ಇಲ್ಲಿಯೇ. ಅವನು ನನ್ನ ಮುಖ ನೋಡಿದ್ದ, ಮಗಳ ಮುಂದೆ ನಿಂತು ಎರಡು ಒಪ್ಪಿಕೊಂಡವನ ಮುಖ. ಮೂರು ಹೊರಲಾರ ಎಂದುಕೊಂಡನೋ ಏನೋ.

ನಿನ್ನೆ ಬ್ಯಾಂಕಿನವರು ಮತ್ತೆ ಬಂದರು. ಜೊತೆಗೆ ಅವರ ತಾಯಿ. ಎಂಬತ್ತರ ಹತ್ತಿರದ ಹಿರಿಯರು, ಕೈಯಲ್ಲಿ ಎರಡು ಊದುಕಡ್ಡಿ. ಮಗ ಹಲ್ಲಿನ ವಿಷಯವೆಲ್ಲ ಹೇಳಿ ಕರೆತಂದಿದ್ದರೆಂದು ಕಾಣುತ್ತದೆ. ಆಕೆ ಮೇಜಿನ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ನೋಡಿ, ಭಕ್ತಿಯಿಂದ ಕೇಳಿದರು, "ಯಾರದಪ್ಪಾ ಇದು?"

"ನಂದಮ್ಮಾ" ಎಂದೆ.

ಆಕೆ ಊದುಕಡ್ಡಿಗಳನ್ನು ಮೆಲ್ಲಗೆ ಸೆರಗಿನೊಳಗೆ ಸೇರಿಸಿ ಕುರ್ಚಿಯಲ್ಲಿ ಕೂತರು. ಹೋಗುವವರೆಗೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.